ಮಗಳಿಗೊಂದು ಪತ್ರ: ಸ್ವೆಟರಿನೊಳಗೆ ಸಿಕ್ಕ 14 ಮಾತ್ರೆ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಿನ್ನೆ ರಾತ್ರಿ ಹತ್ತೂವರೆಗೆ ತಿಪಟೂರು ತಲುಪಿದೆ. ಅಪ್ಪ ಸ್ಟೇಷನ್ನಿಗೆ ಬಂದಿದ್ದರು. ಊಟಕ್ಕೆ ಕೂತಾಗ ಮಗಳು ಹೇಗಿದ್ದಾಳೆ ಅಂತ ಕೇಳಿದರು. ಚೆನ್ನಾಗಿದ್ದಾಳೆ ಅಂದೆ. ಆಮೇಲೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅರ್ಧಕ್ಕೇ ನನಗೆ ಅಳು ಬರುತ್ತದೆ, ನೀನು "ಆಯ್ತಮ್ಮ, ಆಯ್ತಮ್ಮ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ನಿನ್ನ ಪಿಜಿಯಲ್ಲಿ ಬಟ್ಟೆ ಮಡಿಸಿಡೋಣ ಅಂತ ಕಪಾಟು ತೆಗೆದೆ. ಹಳೇ ಸ್ವೆಟರಿನೊಳಗೆ ಸುತ್ತಿಟ್ಟಿದ್ದ ಸ್ಟ್ರಿಪ್‌ಗಳು ಸಿಕ್ಕವು. ಮೂರು ತಿಂಗಳ ಹಿಂದೆ ನಾವಿಬ್ಬರೂ ಹೋಗಿ ತಂದಿದ್ದ, ನಿನ್ನ ರಕ್ತದ ಕ್ಯಾನ್ಸರಿನ 90 ಇಮ್ಯಾಟಿನಿಬ್ ಮಾತ್ರೆ. ಅಷ್ಟು ಹೊತ್ತಿಗೆ ಒಂದೂ ಉಳಿದಿರಬಾರದಿತ್ತು. 14 ಉಳಿದಿದ್ದವು. ಹಿಂದಿನ ದಿನವಷ್ಟೇ ಡಾಕ್ಟರು ಪಿಸಿಆರ್, ಅಂದರೆ ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಅಂತ ಅಳೆಯುವ ಟೆಸ್ಟಿನ ರಿಪೋರ್ಟ್ ನೋಡಿ, "0.08 ಇದ್ದದ್ದು 0.4 ಆಗಿದೆಯಲ್ಲಮ್ಮ, ಮಾತ್ರೆ ದಿನಾ ತಗೋತಿದ್ದೀಯಾ?" ಅಂತ ಕೇಳಿದ್ದರು. ನೀನು ಹೂಂ ಅಂದಿದ್ದೆ. ಎರಡನೇ ಸಲ ಕೇಳಿದಾಗಲೂ ಹೂಂ ಅಂದೆ.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ರೈಲಿನಲ್ಲಿ ಕೂತಾಗ ಬೇರೆಯೇ ಒಂದು ಪ್ರಶ್ನೆ ಎದ್ದಿತು. ಮಾತ್ರೆಯನ್ನು ಸ್ವೆಟರಿನೊಳಗೆ ಬಚ್ಚಿಡಬೇಕು ಅಂತ ಈ ಹುಡುಗಿಗೆ ಕಲಿಸಿಕೊಟ್ಟವರು ಯಾರು? ನಾನೇ ಅಲ್ವಾ. ಎರಡು ವರ್ಷದ ಹಿಂದೆ, ನಿನ್ನ ಬಿಳಿ ರಕ್ತಕಣ 1,80,000 ಬಂದು, ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ ಎಂಬ ಈ ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ವಾರವೇ ನಾನು ಹೇಳಿದ್ದೆ: "ಯಾರಿಗೂ ಹೇಳಬೇಡ, ಮದುವೆ ಆಗುವವರೆಗೂ ಬಾಯಿ ಬಿಡಬೇಡ." ಆ ಮಾತನ್ನು ಇವತ್ತು ವಾಪಸ್ ತಗೊಳ್ಳುತ್ತಿದ್ದೇನೆ. ತಪ್ಪು ನನ್ನದು ಮಗಳೇ. ರೂಮಿನಲ್ಲಿ ಇನ್ನಿಬ್ಬರು ಇದ್ದಾಗ ನೀನು ಹೇಗೆ ತಗೊಳ್ಳಬೇಕಿತ್ತು? ಬೆಳಿಗ್ಗೆ ಏಳಕ್ಕೆ ಕ್ಯಾಬ್ ಹತ್ತುವ ಮುಂಚೆ, ಬಾತ್‌ರೂಮಿನಲ್ಲಿ, ಬರೀ ಕಾಫಿ ಕುಡಿದ ಹೊಟ್ಟೆಗೆ ನುಂಗುತ್ತಿದ್ದೆ ಅಂದೆಯಲ್ಲ. ವಾಂತಿ ಬರದೆ ಇನ್ನೇನಾಗುತ್ತದೆ?

ಇಮ್ಯಾಟಿನಿಬ್ ಹೊಟ್ಟೆಯನ್ನು ಕೆಣಕುವ ಮಾತ್ರೆ. ಅದಕ್ಕೇ ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ತಗೊಳ್ಳಬೇಕು. ತಗೊಂಡ ಕೂಡಲೇ ಮಲಗಬಾರದು, ಎದೆಯಲ್ಲಿ ಉರಿ ಏಳುತ್ತದೆ. ನಿನ್ನ ದಿನಚರಿ ನೋಡಿದರೆ ಆಫೀಸಿನ ಮಧ್ಯಾಹ್ನದ ಊಟವೇ ಸರಿಯಾದ ಹೊತ್ತು. ಅನ್ನ, ಸಾರು, ಮಜ್ಜಿಗೆ ಹೊಟ್ಟೆಗೆ ಬಿದ್ದಿರುತ್ತದೆ. ಪಕ್ಕದವರು ನೋಡಿದರೆ ನೋಡಲಿ. ಹೊತ್ತು ಬದಲಾಯಿಸುವ ಮುಂಚೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿಕೋ. ನುಂಗಲು ಕಷ್ಟವಾದರೆ 400 ಮಿಲಿಗ್ರಾಂ ಮಾತ್ರೆಯನ್ನು 200 ಮಿಲಿಲೀಟರ್ ನೀರಿನಲ್ಲಿ ಹಾಕಿ, ಚಮಚದಲ್ಲಿ ಕದಡಿ, ಆಗಲೇ ಕುಡಿಯಬಹುದು. ಕುಟ್ಟಿ ಪುಡಿ ಮಾಡಬೇಡ. ಆ ಪುಡಿ ಕೈಗೂ ತಾಗಬಾರದು, ಕಣ್ಣಿಗೂ ಹೋಗಬಾರದು. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡ. ವಾಂತಿಯಾಯಿತು ಅಂತ ಅದರ ಬದಲಿಗೆ ಇನ್ನೊಂದು ತಗೊಳ್ಳಲೂ ಬೇಡ.

ಆಸ್ಪತ್ರೆಯ ಬೆಂಚಿನಲ್ಲಿ ಆ ದಿನ ಪಕ್ಕದಲ್ಲಿದ್ದ ಹುಡುಗ "ಖಾಲಿ ಹೊಟ್ಟೆಯಲ್ಲೇ ತಗೋಬೇಕು ಅಕ್ಕಾ" ಅಂದಿದ್ದು ನಿನ್ನ ತಲೆಯಲ್ಲಿ ಉಳಿದಿರಬಹುದು. ಅವನು ಸುಳ್ಳು ಹೇಳಲಿಲ್ಲ. ಅವನದು ನಿಲೋಟಿನಿಬ್. ಅದಕ್ಕೆ ಎರಡು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಏನೂ ತಿನ್ನಬಾರದು. ಕಾಯಿಲೆ ಒಂದೇ ಆದರೂ ಮಾತ್ರೆ ಬೇರೆ, ಪಥ್ಯವೂ ಬೇರೆ. ಇನ್ನೊಬ್ಬರ ನಿಯಮ ನಿನಗೆ ಹೊಂದುವುದಿಲ್ಲ.

ಹದಿನಾಲ್ಕು ಮಾತ್ರೆಗೆ ಅಮ್ಮ ಇಷ್ಟೊಂದು ಯಾಕೆ ಹೆದರಿದ್ದಾಳೆ ಅನ್ನಿಸಬಹುದು. ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು, ಲೆಕ್ಕ ಹಾಕಿಯೇ ಹೇಳುತ್ತೇನೆ. 90ರಲ್ಲಿ 76 ತಗೊಂಡಿದ್ದೀಯ, ಅಂದರೆ ನೂರಕ್ಕೆ 84. 2010ರಲ್ಲಿ ಲಂಡನ್ನಿನ ವೈದ್ಯರು ಇದೇ ಮಾತ್ರೆ ತಗೊಳ್ಳುತ್ತಿದ್ದ 87 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಡಬ್ಬಿಯ ಮುಚ್ಚಳದಲ್ಲಿ ಚಿಕ್ಕ ಚಿಪ್ ಇಟ್ಟು, ಯಾವತ್ತು ತೆರೆದರು ಅಂತ ಮೂರು ತಿಂಗಳು ಅಳೆದರು. ನೂರಕ್ಕೆ 90ಕ್ಕಿಂತ ಜಾಸ್ತಿ ಮಾತ್ರೆ ತಗೊಂಡವರಲ್ಲಿ, ಆರು ವರ್ಷದ ಹೊತ್ತಿಗೆ ಪಿಸಿಆರ್ 0.1ಕ್ಕೆ ಇಳಿಯುವ ಸಾಧ್ಯತೆ ನೂರಕ್ಕೆ 94. 90 ಅಥವಾ ಅದಕ್ಕಿಂತ ಕಡಿಮೆ ತಗೊಂಡವರಲ್ಲಿ ಬರೀ 28. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ನೂರಕ್ಕೆ 90ಕ್ಕೆ ಬಂದ ಹಾಗೆ. ನಿನಗೆ ಸರಾಸರಿ ತಿಂಗಳಿಗೆ ನಾಲ್ಕೂವರೆಗಿಂತ ಜಾಸ್ತಿ ತಪ್ಪಿದೆ.

ಇನ್ನೊಂದು ವಿಷಯ. ನೀನು ಹೂಂ ಅಂದದ್ದನ್ನು ನಂಬಿ ಡಾಕ್ಟರು ಮ್ಯುಟೇಶನ್ ಟೆಸ್ಟಿಗೆ, ಅಂದರೆ ಕಾಯಿಲೆಯ ಜೀನ್ ಬದಲಾಗಿದೆಯಾ ಅಂತ ನೋಡುವ ಟೆಸ್ಟಿಗೆ, ಬರೆದರು ನೋಡು. ಮಾತ್ರೆಯೇ ಸೋತಿದೆಯೇನೋ ಅಂತ ಅವರಿಗೆ ಅನುಮಾನ. ಸೋತಿದೆ ಅಂದುಕೊಂಡರೆ ಬೇರೆ ಔಷಧಿಗೆ ಬದಲಾಯಿಸುತ್ತಾರೆ, ಅದರ ಅಡ್ಡಪರಿಣಾಮಗಳೇ ಬೇರೆ. ಸೋಲದ ಮಾತ್ರೆಯನ್ನು ನಾವೇ ಸೋಲಿಸಿದ ಹಾಗಾಗುತ್ತದೆ. ದಯವಿಟ್ಟು ಅವರಿಗೆ ನಿಜ ಹೇಳು. ಅವರು ಬೈಯುವುದಿಲ್ಲ. ಬೈದರೂ ನಾನು ಪಕ್ಕದಲ್ಲಿ ಇರುತ್ತೇನೆ.

ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುತ್ತಿದ್ದೆಯಂತೆ. ನನಗೆ ಹೇಳಲೇ ಇಲ್ಲ. ಈ ಮಾತ್ರೆಯಲ್ಲಿ ಹೀಗೆ ಸ್ನಾಯು ಹಿಡಿದುಕೊಳ್ಳುವುದು ತುಂಬ ಜನಕ್ಕೆ ಆಗುತ್ತದೆ ಪುಟ್ಟಿ. ಕಾಲಿಗೆ, ಪಾದಕ್ಕೆ, ಕೆಲವರಿಗೆ ಕೈಬೆರಳಿಗೂ. ನೀರು ಚೆನ್ನಾಗಿ ಕುಡಿ, ಮಲಗುವ ಮುಂಚೆ ಕಾಲು ಚಾಚಿ ಎಳೆದು ಬಿಡು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಕಡಿಮೆ ಇದೆಯಾ ಅಂತ ಡಾಕ್ಟರು ರಕ್ತದಲ್ಲೇ ನೋಡಬಹುದು, ಕೇಳಬೇಕಷ್ಟೇ. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದೂ ಇದರದ್ದೇ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡು, ತಲೆದಿಂಬು ಸ್ವಲ್ಪ ಎತ್ತರಿಸು. ಫೋಟೋದಲ್ಲಿ ಮುಖ ಚೆನ್ನಾಗಿ ಕಾಣಲಿ ಅಂತ ಎರಡು ದಿನ ಮಾತ್ರೆ ಬಿಟ್ಟೆ ಅಂದಾಗ ನನಗೆ ಎಷ್ಟು ಸಂಕಟವಾಯಿತು ಗೊತ್ತಾ?

ಮಾವನ ಮಗಳ ಮದುವೆಯಲ್ಲಿ ಎಲ್ಲರೂ "ಎಷ್ಟು ಬೆಳ್ಳಗಾಗಿದ್ದಾಳೆ, ಯಾವ ಕ್ರೀಮು" ಅಂತ ನಿನ್ನನ್ನು ಸುತ್ತುವರಿದಿದ್ದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕೆಲಸವನ್ನು ಈ ಮಾತ್ರೆ ತಗ್ಗಿಸುತ್ತದೆ, ನಮ್ಮಂಥ ಕಂದು ಬಣ್ಣದವರಲ್ಲಿ ಅದು ಎದ್ದು ಕಾಣುತ್ತದೆ. ಹೀಗಾದರೆ ಬಿಸಿಲು ಬೇಗ ಸುಡುತ್ತದೆ. ಕೊಡೆ ಹಿಡಿ, ತೋಳು ಮುಚ್ಚಿಕೋ. ಅವತ್ತು ನೀನು ನಕ್ಕು ಸುಮ್ಮನಾದೆ, ನಾನೂ ಸುಮ್ಮನಾದೆ. ಈಗ ಅದು ನೆನಪಾದರೆ ಗಂಟಲು ಕಟ್ಟುತ್ತದೆ.

ಇವೆಲ್ಲ ತಾಳಿಕೊಳ್ಳಬಹುದಾದ ತೊಂದರೆಗಳು. ಆದರೆ ಕೆಲವಕ್ಕೆ ಬೆಳಗಾಗುವವರೆಗೂ ಕಾಯಬಾರದು. ಜ್ವರ 100.4 ದಾಟಿದರೆ ಫೋನ್ ಮಾಡು, ಯಾಕೆಂದರೆ ಮಾತ್ರೆ ಬಿಳಿ ಕಣಗಳನ್ನು ತೀರಾ ಇಳಿಸಿಬಿಟ್ಟಿರಬಹುದು. ಒಸಡಿನಲ್ಲಿ, ಮೂಗಿನಲ್ಲಿ ರಕ್ತ ನಿಲ್ಲದಿದ್ದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಎದ್ದರೆ, ಮಲ ಡಾಂಬರಿನ ಹಾಗೆ ಕಪ್ಪಗಾದರೆ ಸೀದಾ ಆಸ್ಪತ್ರೆಗೆ ಹೋಗು. ಕಣ್ಣು ಹಳದಿಯಾದರೆ ಲಿವರ್ ನೋಡಿಸಬೇಕು. ಕೆಲವೇ ದಿನದಲ್ಲಿ ತೂಕ ಸರ್ರನೆ ಏರಿ, ಕಾಲು ಊದಿ, ಉಸಿರು ಕಟ್ಟುವ ಹಾಗಾದರೆ ದೇಹದಲ್ಲಿ ನೀರು ತುಂಬುತ್ತಿದೆ ಅಂತ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡು. ತಲೆ ಸುತ್ತಿದ ದಿನ, ಕಣ್ಣು ಮಂಜಾದ ದಿನ ಸ್ಕೂಟಿ ತೆಗೆಯಬೇಡ.

ಮೆಡಿಕಲ್ ಶಾಪಿನ ವಿಷಯ ಕೇಳು. ನಿನಗೆ ತಲೆನೋವು ಬಂದರೆ ಡೋಲೋ ನುಂಗುವ ಅಭ್ಯಾಸ. ಅದರಲ್ಲಿರುವ ಪ್ಯಾರಾಸಿಟಮಾಲ್ ಮತ್ತು ಇಮ್ಯಾಟಿನಿಬ್ ಎರಡರ ಹೊರೆಯೂ ಲಿವರಿನ ಮೇಲೇ ಬೀಳುತ್ತದೆ. ಎಷ್ಟು ತಗೊಳ್ಳಬಹುದು ಅಂತ ಡಾಕ್ಟರನ್ನೇ ಕೇಳು. ಗಂಟಲು ನೋವಿಗೆ ಶಾಪಿನವರು ಕೊಡುವ ಕ್ಲಾರಿಥ್ರೋಮೈಸಿನ್, ಫಂಗಸ್‌ಗೆ ಕೊಡುವ ಕೀಟೋಕೊನಝೋಲ್ ಇವು ರಕ್ತದಲ್ಲಿ ಇಮ್ಯಾಟಿನಿಬ್ ಮಟ್ಟ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಇಳಿಸುತ್ತವೆ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ಮೊದಲು ಈ ಮಾತ್ರೆಯ ಹೆಸರು ಹೇಳು. ಅಜ್ಜಿ ಕಳಿಸುವ ಅಮೃತಬಳ್ಳಿ ಕಷಾಯವೂ ಅಷ್ಟೇ, ಕೇಳದೆ ಕುಡಿಯಬೇಡ. ಅಜ್ಜಿಗೆ ನಾನು ಹೇಳುತ್ತೇನೆ.

ಆಮೇಲೆ ಚಕ್ಕೋತ. ಕರಪತ್ರದಲ್ಲಿ ಗ್ರೇಪ್‌ಫ್ರೂಟ್ ಬೇಡ ಅಂತ ಇದ್ದದ್ದನ್ನು ನೀನು ದ್ರಾಕ್ಷಿ ಅಂದುಕೊಂಡು ಎರಡು ವರ್ಷ ದ್ರಾಕ್ಷಿ ಬಿಟ್ಟೆ. ದ್ರಾಕ್ಷಿ ತಿನ್ನಬಹುದು. ಗ್ರೇಪ್‌ಫ್ರೂಟ್ ಕಿತ್ತಳೆ ಜಾತಿಯದು, ನಮ್ಮ ಚಕ್ಕೋತದ ಹತ್ತಿರದ ನೆಂಟ. ಮಾತ್ರೆಯನ್ನು ಕರಗಿಸಿ ಹೊರಹಾಕುವ ದೇಹದ ಕಿಣ್ವವನ್ನು ಅದು ತಡೆಯುತ್ತದೆ, ಚಕ್ಕೋತದಲ್ಲೂ ಅದೇ ಗುಣ ಇದೆ. ನಿನ್ನ ಆಫೀಸಿನವರು ಏರ್‌ಪೋರ್ಟ್ ಕಡೆಯಿಂದ ದೇವನಹಳ್ಳಿ ಚಕ್ಕೋತ ತಂದು ಉಪ್ಪು ಖಾರ ಹಾಕಿ ಹಂಚುತ್ತಾರೆ ಅಂದಿದ್ದೆ. ಬಾಯಲ್ಲಿ ನೀರೂರಿದರೂ ಬೇಡ ಅನ್ನು.

ಮದುವೆ, ಮಕ್ಕಳ ಮಾತನ್ನೂ ಬಿಡಿಸಿಯೇ ಹೇಳುತ್ತೇನೆ. ನಾಚಿಕೊಂಡು ಹೇಳದೆ ಉಳಿದರೆ ನಿನಗೇ ಕಷ್ಟ. ಈ ಮಾತ್ರೆ ತಗೊಳ್ಳುವಾಗ ಬಸಿರಾಗಬಾರದು. ಗರ್ಭ ಇಳಿದುಹೋಗಬಹುದು, ಮಗುವಿನ ಅಂಗಾಂಗಕ್ಕೆ ತೊಂದರೆಯಾಗಬಹುದು. ಹಾಗಂತ ನಿನಗೆ ಮಕ್ಕಳೇ ಆಗುವುದಿಲ್ಲ ಅಂತ ಅಲ್ಲ. ಪಿಸಿಆರ್ ಕೆಲವು ವರ್ಷ ತುಂಬ ಕೆಳಗೆ ನಿಂತರೆ, ಡಾಕ್ಟರ ಕಣ್ಣೆದುರೇ ಮಾತ್ರೆ ನಿಲ್ಲಿಸಿ ನೋಡುವ ದಾರಿ ಇದೆ. ಹಾಗೆ ನಿಲ್ಲಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮತ್ತೆ ಶುರು ಮಾಡಬೇಕಾಗುತ್ತದೆ. ಆ ದಾರಿಗೆ ಹೋಗಬೇಕಾದರೂ ಈಗ ದಿನಾ ತಗೊಳ್ಳಲೇಬೇಕು. ನಿನ್ನನ್ನು ನೋಡಲು ಬರುವ ಹುಡುಗನಿಗೆ ಇದನ್ನೆಲ್ಲ ಮೊದಲೇ ಹೇಳೋಣ. ಒಪ್ಪದಿದ್ದರೆ ಅವನ ದಾರಿ ಅವನಿಗೆ.

ನಮ್ಮ ಸ್ಕೂಲಿನಲ್ಲಿ ಒಬ್ಬರು ಮೇಷ್ಟ್ರು ಇದೇ ಕಾಯಿಲೆಯಲ್ಲಿ 1998ರಲ್ಲಿ ಹೋದರು. ಆಗ ಹೈಡ್ರಾಕ್ಸಿಯೂರಿಯಾ, ಇಂಟರ್‌ಫೆರಾನ್ ಎಂಬ ಔಷಧಿಗಳು ಬಿಟ್ಟರೆ ಅಸ್ಥಿಮಜ್ಜೆ ಕಸಿ ಅಷ್ಟೇ ಇದ್ದದ್ದು. ಅದೇ ವರ್ಷ ಅಮೆರಿಕದ ಆರೆಗಾನ್‌ನಲ್ಲಿ ಬ್ರಯನ್ ಡ್ರುಕರ್ ಎಂಬ ವೈದ್ಯರು ಈ ಮಾತ್ರೆಯನ್ನು ಮೊದಲ ಸಲ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. 2001ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಮೂಲ ಕಂಪನಿ ನೊವಾರ್ಟಿಸ್ ಗ್ಲಿವೆಕ್ ಎಂಬ ಹೆಸರಲ್ಲಿ ಮಾರುತ್ತಿದ್ದ ಈ ಮಾತ್ರೆ ತಿಂಗಳಿಗೆ 1,20,000 ರೂಪಾಯಿಯಷ್ಟು ಬೀಳುತ್ತಿತ್ತು, ನಮ್ಮ ದೇಶದ ಕಂಪನಿಗಳ ಮಾತ್ರೆ 8,000ದ ಆಸುಪಾಸು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ಗೆ ಪೇಟೆಂಟ್ ಇಲ್ಲ ಅಂದಿದ್ದರಿಂದ ಆ ಅಗ್ಗದ ಮಾತ್ರೆ ಉಳಿಯಿತು. ಅಪ್ಪನ ಪೆನ್ಷನ್, ನಿನ್ನ ಸಂಬಳದಲ್ಲಿ ನಾವು ಕೊಳ್ಳುವ ಹಾಗಾದದ್ದು ಅದರಿಂದ. ಆ ಮೇಷ್ಟ್ರ ಹೆಂಡತಿ ಈಗಲೂ ಸಂತೆಯಲ್ಲಿ ಸಿಗುತ್ತಾರೆ. ನಿನ್ನ ಆರೋಗ್ಯ ಕೇಳುತ್ತಾರೆ. ಅವರೊಬ್ಬರಿಗೆ ಮಾತ್ರ ನಾನು ಆಗಲೇ ಹೇಳಿದ್ದೆ.

ಸ್ಟ್ರಿಪ್ ತಂದು ತೋರಿಸು ಅಂತ ಇನ್ನು ಕೇಳುವುದಿಲ್ಲ. ಮಾತ್ರೆ ತಪ್ಪಿದ ದಿನ "ಇವತ್ತು ಆಗಲಿಲ್ಲ" ಅಂತ ಒಂದು ಮೆಸೇಜ್ ಹಾಕು ಸಾಕು. ಯಾಕೆ ಅಂತ ನಿಧಾನವಾಗಿ ಮಾತಾಡೋಣ. ಮುಂದಿನ ಟೆಸ್ಟಿನ ಹಿಂದಿನ ರಾತ್ರಿ ಬರುತ್ತೇನೆ. ಮೇಜಿನ ಮೇಲೆ ಇಟ್ಟುಕೊಳ್ಳಲು ಒಂದು ಚಿಕ್ಕ ಗಾಜಿನ ಭರಣಿ ತರುತ್ತೇನೆ, ಸ್ಟ್ರಿಪ್‌ಗಳನ್ನು ಹಾಗೇ ಅದರೊಳಗೆ ನಿಲ್ಲಿಸಬಹುದು, ತೇವ ತಾಗುವುದಿಲ್ಲ. ನಿನ್ನ ರೂಮಿನ ಹುಡುಗಿಯರಿಗೂ ಕೊಬ್ಬರಿ ಮಿಠಾಯಿ ಮಾಡಿಕೊಂಡು ಬರುತ್ತೇನೆ. ಅವರಿಗೆ ನೀನೇ ಹೇಳುತ್ತೀಯೋ, ಇಲ್ಲ ನಾನು ಬಂದ ಮೇಲೆ ಇಬ್ಬರೂ ಸೇರಿ ಹೇಳೋಣವೋ, ಯೋಚನೆ ಮಾಡಿಟ್ಟಿರು.

ಇಂತಿ ನಿನ್ನ
ಅಮ್ಮ