ನಿಂಬೆಹಣ್ಣಿನ ಚಿತ್ರ ಸಾಕು, ವಸ್ತುವಿನ ಹೆಸರು ಬರೆಯಿರಿ

ಮಾನ್ಯ ಸಂಪಾದಕರೇ,

ಸೋಪು, ಶಾಂಪೂ, ಸೆಂಟುಗಳಲ್ಲಿರುವ ‘ಕೆಮಿಕಲ್ ವಾಸನೆ’ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ನಿಂಬೆಯಂಥ, ಹಸಿರೆಲೆಯಂಥ ಪರಿಮಳ ಕೊಡುವ ಕೃತಕ ವಸ್ತುಗಳೆಲ್ಲ ವಿಷ, ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಅನ್ನುವ ಧಾಟಿಯಲ್ಲಿತ್ತು ಅದು. ಸುಗಂಧದ ಕಚ್ಚಾವಸ್ತುಗಳನ್ನು ತೂಗಿ ಬೆರೆಸುವುದೇ ನನ್ನ ಕೆಲಸ, ಹಾಗಾಗಿ ಸುಮ್ನೆ ಇರಲು ಮನಸ್ಸಾಗಲಿಲ್ಲ. ಇಡೀ ಲೇಖನದಲ್ಲಿ ಒಂದೇ ಒಂದು ವಸ್ತುವಿನ ಹೆಸರಿರಲಿಲ್ಲ. ಹೆಸರು ಹೇಳದೆ ಹೆದರಿಸಿದರೆ ಓದಿದವರು ಏನು ಮಾಡಬೇಕು? ಯಾವುದನ್ನು ನೋಡಿ ಕೊಳ್ಳಬೇಕು, ಯಾವುದನ್ನು ಬಿಡಬೇಕು?

ನಾನು ಒಂದರ ಹೆಸರು ಹೇಳಿಯೇ ಮಾತಾಡುತ್ತೇನೆ. ಟ್ರಿಪ್ಲಾಲ್.

ಹೆಸರು ಕೇಳಿರಲಿಕ್ಕಿಲ್ಲ, ಆದರೆ ಮೂಗಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಶಾಂಪೂ, ಬಟ್ಟೆ ಒಗೆಯುವ ಪುಡಿ, ನೆಲ ಒರೆಸುವ ದ್ರವ, ಕಲೋನ್, ಹೀಗೆ ‘ಫ್ರೆಶ್’ ಅಂತ ಬರೆದುಕೊಂಡು ಬರುವ ಎಷ್ಟೋ ಸರಕುಗಳಲ್ಲಿ ಇದನ್ನು ಬಳಸುತ್ತಾರೆ. ಲಿಗಸ್ಟ್ರಾಲ್, ವರ್ಟೊಸಿಟ್ರಾಲ್, ಸೈಕ್ಲಾಲ್ ಸಿ ಅನ್ನುವ ಹೆಸರುಗಳಲ್ಲೂ ಇದು ಮಾರಾಟವಾಗುತ್ತದೆ. ಆಲ್ಡಿಹೈಡ್ ಅನ್ನುವ ರಾಸಾಯನಿಕ ಜಾತಿಯ ಪುಟ್ಟ ಅಣು: 9 ಇಂಗಾಲ, 14 ಹೈಡ್ರೋಜನ್, 1 ಆಮ್ಲಜನಕ, ಅಷ್ಟೇ. ಯಾವ ಗಿಡದಿಂದಲೂ ಇಳಿಸುವುದಲ್ಲ, ಕಾರ್ಖಾನೆಯಲ್ಲೇ ಮಾಡುವುದು.

ಬಾಟಲಿಯಿಂದ ನೇರ ಮೂಸಿದರೆ ಇಷ್ಟವಾಗುವುದು ಕಷ್ಟ. ಚುರುಕು, ಒರಟು, ಒಂಚೂರು ಎಣ್ಣೆಯ ವಾಸನೆ, ಮೂಗಿನೊಳಗೆ ಚುಚ್ಚಿದ ಹಾಗೆ. ಅದನ್ನೇ ನೂರಕ್ಕೆ ಒಂದು ಪಾಲು ಆಲ್ಕೋಹಾಲಿನಲ್ಲಿ ಕರಗಿಸಿ, ಕಾಗದದ ಪಟ್ಟಿಯ ತುದಿಗೆ ಅದ್ದಿ, ಆಲ್ಕೋಹಾಲ್ ಆರುವವರೆಗೆ ಕಾದು ಆಮೇಲೆ ಮೂಸಿ ನೋಡಬೇಕು. ಆಗ ಬೇರೆಯದೇ ವಸ್ತು ಅನ್ನಿಸುತ್ತದೆ. ಹಸಿ ದಂಟನ್ನು ಉಗುರಿನಲ್ಲಿ ಚಿವುಟಿದಾಗ ಬರುವ ವಾಸನೆ ಮೊದಲು ಬರುತ್ತದೆ, ಅದರ ಬೆನ್ನಿಗೇ ಕಿತ್ತಳೆ ಸಿಪ್ಪೆ. ಹಣ್ಣಿನ ಸಿಹಿ ಅದರಲ್ಲಿಲ್ಲ. ಸಿಪ್ಪೆಯ ಹಸಿರು ಭಾಗ ಮಾತ್ರ. ಆ ಹಸಿರಿಗಾಗಿಯೇ ನಮ್ಮ ಕೆಲಸದವರು ಇದನ್ನು ಇಷ್ಟಪಡುವುದು.

ಹಾಗಾದರೆ ನಿಜವಾದ ಎಲೆಯಿಂದಲೇ ತೆಗೆಯಬಾರದಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹುಲ್ಲು ಕತ್ತರಿಸಿದಾಗ ಗಾಳಿಯಲ್ಲಿ ಬರುವ ಆ ಹಸಿ ವಾಸನೆ ಹುಲ್ಲಿನೊಳಗೆ ಮೊದಲೇ ತುಂಬಿಟ್ಟದ್ದಲ್ಲ. ಎಲೆಗೆ ಗಾಯವಾದಾಗ ಅದರಲ್ಲಿರುವ ಕೊಬ್ಬಿನಾಮ್ಲಗಳು ಒಡೆದು, ಸಿಸ್-3-ಹೆಕ್ಸೆನಾಲ್ ಅನ್ನುವ ಆಲ್ಡಿಹೈಡ್ ಅದೇ ಗಳಿಗೆಯಲ್ಲಿ ಹುಟ್ಟುತ್ತದೆ. ಅದು ಗಟ್ಟಿಯಾಗಿ ನಿಲ್ಲುವ ವಸ್ತುವಲ್ಲ, ಬೇಗ ರೂಪ ಬದಲಿಸಿ ಬೇರೆ ವಾಸನೆಯಾಗುತ್ತದೆ. ಹುಲ್ಲನ್ನು ಎಷ್ಟೇ ರಾಶಿ ಹಾಕಿ ಬಟ್ಟಿ ಇಳಿಸಿದರೂ ಆ ಕ್ಷಣದ ವಾಸನೆ ಬಾಟಲಿಗೆ ಬರುವುದಿಲ್ಲ.

ನಿಂಬೆ ಎಣ್ಣೆಯ ಕಥೆ ಬೇರೆ. ಅದು ಸಿಪ್ಪೆಯನ್ನು ಹಿಂಡಿದರೆ ಸಿಗುತ್ತದೆ, ಪರಿಮಳ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಜಾಸ್ತಿ ಇರುವುದು ಲಿಮೊನೀನ್, ಅದು ಬಹಳ ಬೇಗ ಆರಿ ಹೋಗುತ್ತದೆ. ನಿಂಬೆ ಅಂತ ಗುರುತು ಸಿಗುವುದು ಸಿಟ್ರಾಲ್‌ನಿಂದ. ಅದಕ್ಕೆ ಸೋಪಿನ ಕ್ಷಾರ ಆಗಿ ಬರುವುದಿಲ್ಲ, ಕೆಡುತ್ತದೆ, ಬಣ್ಣವನ್ನೂ ಕೆಡಿಸುತ್ತದೆ. ಇಲ್ಲಿ ಟ್ರಿಪ್ಲಾಲ್ ಕೈ ಹಿಡಿಯುತ್ತದೆ. ಸೋಪಿನಲ್ಲೂ ಡಿಟರ್ಜೆಂಟಿನಲ್ಲೂ ಅದು ಇವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ತೀರಾ ಸ್ವಲ್ಪ ಹಾಕಿದರೂ ಗೊತ್ತಾಗುತ್ತದೆ.

ಸ್ವಲ್ಪ ಅಂದರೆ ಎಷ್ಟು? ಒಂದು ಲೆಕ್ಕ ಹಾಕೋಣ. 100 ಗ್ರಾಂ ಸೋಪಿಗೆ ಶೇ 1ರಷ್ಟು ಸುಗಂಧ ಹಾಕಿದರೆ 1 ಗ್ರಾಂ ಆಯಿತು. ಆ ಸುಗಂಧದಲ್ಲಿ ಟ್ರಿಪ್ಲಾಲ್ ಶೇ 0.5 ಇದ್ದರೆ ಇಡೀ ಸೋಪಿನಲ್ಲಿ ಅದು 5 ಮಿಲಿಗ್ರಾಂ. ವಿಷವೋ ಅಲ್ಲವೋ ಅನ್ನುವ ಮಾತು ಈ ಅಂಕಿಯಿಂದ ಶುರುವಾಗಬೇಕು ಅಲ್ವಾ?

ಇದನ್ನು ತಯಾರಿಸುವ ರೀತಿ ಕೇಳಿದರೆ ಕೆಲವರಿಗೆ ಗಾಬರಿಯಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಮೀಥೈಲ್ ಪೆಂಟಾಡೈಯೀನ್ ಅನ್ನುವುದನ್ನೂ ಆಕ್ರೋಲೀನ್ ಅನ್ನುವುದನ್ನೂ ಸೇರಿಸಿ ಮಾಡುತ್ತಾರೆ. ಆಕ್ರೋಲೀನ್ ಅಂದರೆ ಎಣ್ಣೆ ಹೊತ್ತಿ ಹೊಗೆಯಾದಾಗ ಕಣ್ಣುರಿಸುತ್ತದಲ್ಲ, ಆ ಹೊಗೆಯಲ್ಲಿರುವ ವಸ್ತು. ಅದು ಖಂಡಿತ ಅಪಾಯಕಾರಿ. ಆದರೆ ಎರಡರ ಅಣುಗಳೂ ಸೇರಿ ಇಂಗಾಲದ ಉಂಗುರವಾದ ಮೇಲೆ ಸಿಗುವುದು ಬೇರೆಯೇ ವಸ್ತು. ಅದರ ಗುಣ ಬೇರೆ, ವಾಸನೆ ಬೇರೆ. ಹೀಗೆ ಉಂಗುರ ಕಟ್ಟುವ ಕ್ರಿಯೆಯನ್ನು ಜರ್ಮನಿಯ ಓಟೋ ಡೀಲ್ಸ್ ಮತ್ತು ಕುರ್ಟ್ ಆಲ್ಡರ್ 1928ರಲ್ಲಿ ವಿವರಿಸಿದರು, 1950ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸುಗಂಧದಲ್ಲಿ ಕೃತಕ ವಸ್ತುಗಳ ಬಳಕೆ ಅದಕ್ಕಿಂತಲೂ ಹಳೆಯದು. ಫ್ರಾನ್ಸಿನ ಊಬಿಗಾನ್ ಅನ್ನುವ ಸುಗಂಧ ಕಂಪನಿಯ ಫೂಜೇರ್ ರೊಯಾಲ್ ಸೆಂಟಿಗೆ, ಒಣಹುಲ್ಲಿನಂಥ ವಾಸನೆಯ ಕೌಮರಿನ್ ಅನ್ನುವ ವಸ್ತುವನ್ನು ಕೃತಕವಾಗಿ ಮಾಡಿ ಹಾಕಿದ್ದು 1882ರಲ್ಲೇ.

ಹಾಗಂತ ಟ್ರಿಪ್ಲಾಲ್ ಏನೂ ಮಾಡುವುದಿಲ್ಲ, ಮೈಗೆ ಹಚ್ಚಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ನೇರವಾಗಿ ಚರ್ಮಕ್ಕೆ ತಾಗಿದರೆ ಉರಿಯಬಹುದು, ಕೆಲವರಿಗೆ ಅಲರ್ಜಿಯೂ ಆಗಬಹುದು. ನಾವು ಕೈಗವಸು ಹಾಕಿಕೊಂಡೇ ಮುಟ್ಟುವುದು. ಗಾಳಿ ತಾಗಿದರೆ ನಿಧಾನವಾಗಿ ಆಮ್ಲವಾಗುತ್ತದೆ, ಹಸಿರು ಹೋಗಿ ಹುಳಿ ವಾಸನೆ ಉಳಿಯುತ್ತದೆ. ಅದಕ್ಕೇ ಅದರ ಜೊತೆ ಗಾಳಿಯಿಂದ ಕೆಡದಂತೆ ತಡೆಯುವ ವಸ್ತುವೊಂದನ್ನು ಬೆರೆಸಿಡುವುದು. ಮೀಥೈಲ್ ಆಂಥ್ರನಿಲೇಟ್ ಅನ್ನುವ ಇನ್ನೊಂದು ಸುಗಂಧವಸ್ತುವಿನ ಜೊತೆ ಇಟ್ಟರೆ ಎರಡೂ ಕೂಡಿಕೊಂಡು ನೀರು ಬಿಟ್ಟು, ಗಾಢ ಹಳದಿಯ ಮಂದ ವಸ್ತುವಾಗುತ್ತದೆ. ಅದನ್ನು ಬೇಕೆಂದೇ ಮಾಡಿ ಸುಗಂಧಕ್ಕೆ ಬಳಸುವುದೂ ಉಂಟು. ಆದರೆ ಗೊತ್ತಿಲ್ಲದೆ ಬಿಳಿ ಕ್ರೀಮಿನಲ್ಲಿ ಎರಡನ್ನೂ ಸೇರಿಸಿದರೆ ಕ್ರೀಮು ಹಳದಿಯಾಗಿ ಕೂರುತ್ತದೆ.

ಇನ್ನು ಗಿಡದಿಂದ ಬಂದದ್ದು ನಿರಪಾಯ ಅನ್ನುವ ಮಾತು. ಲೇಖನದಲ್ಲಿ ನನಗೆ ಬಹಳ ಬೇಸರ ತಂದದ್ದು ಇದೇ, ಯಾಕಂದರೆ ಇದನ್ನು ನಂಬಿ ಅಲರ್ಜಿ ಇರುವವರು ಶುದ್ಧ ನಿಂಬೆ ಎಣ್ಣೆಯನ್ನೇ ಚರ್ಮಕ್ಕೆ ಹಚ್ಚಿಕೊಳ್ಳುತ್ತಾರೆ. ಗಾಳಿಗೆ ಬಿಟ್ಟ ಲಿಮೊನೀನ್ ಪೆರಾಕ್ಸೈಡುಗಳಾಗಿ ಬದಲಾಗುತ್ತದೆ, ಅಲರ್ಜಿ ಮಾಡುವುದು ಮುಖ್ಯವಾಗಿ ಅವೇ. ನಿಂಬೆ ಜಾತಿಯ ಬರ್ಗಮಾಟ್ ಹಣ್ಣಿನ ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೀನ್ ಅನ್ನುವ ವಸ್ತು ಇರುತ್ತದೆ, ಆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ಕಲೆ ಉಳಿಯಬಹುದು. ಸೌಂದರ್ಯವರ್ಧಕಗಳ ಮೇಲೆ ಕಡ್ಡಾಯವಾಗಿ ಹೆಸರು ಹಾಕಬೇಕಾದ ಅಲರ್ಜಿಕಾರಕಗಳ ಪಟ್ಟಿಯೊಂದು ಯುರೋಪಿನಲ್ಲಿದೆ. ಮೊದಲು 26 ಇದ್ದದ್ದು, 2023ರ ನಿಯಮದಲ್ಲಿ 80 ದಾಟಿತು. ಲಿಮೊನೀನ್, ಸಿಟ್ರಾಲ್, ಲಿನಲೂಲ್ ಎಲ್ಲ ಅದರಲ್ಲಿವೆ, ಮೂರೂ ಗಿಡಗಳಲ್ಲಿ ಧಾರಾಳವಾಗಿ ಸಿಗುವಂಥವೇ. ಚರ್ಮದ ಮೇಲೆ ಉಳಿಯುವ ಸರಕಿನಲ್ಲಿ ಶೇ 0.001, ತೊಳೆದು ಹೋಗುವುದರಲ್ಲಿ ಶೇ 0.01 ದಾಟಿದರೆ ಹೆಸರು ಹಾಕಲೇಬೇಕು.

ನನ್ನ ತಕರಾರು ಇರುವುದು ಹೆಸರು ಮುಚ್ಚಿಡುವುದರ ಬಗ್ಗೆ. ಪೊಟ್ಟಣದ ಮೇಲೆ ದೊಡ್ಡದಾಗಿ ನಿಂಬೆಹಣ್ಣು, ನೀರಹನಿ ಕೂತ ಎಲೆ. ಹಿಂದೆ ತಿರುಗಿಸಿದರೆ ಚಿಕ್ಕಕ್ಷರದಲ್ಲಿ ‘ಪರ್ಫ್ಯೂಮ್’ ಅಂತ ಒಂದೇ ಪದ. ಆ ಒಂದು ಪದದೊಳಗೆ ಹತ್ತಾರು ವಸ್ತುಗಳಿರುತ್ತವೆ. ಟ್ರಿಪ್ಲಾಲ್ ಇದ್ದರೆ ಇದೆ ಅನ್ನಲಿ. ನಾಚಿಕೆ ಪಡುವಂಥ ವಸ್ತು ಅಲ್ಲವೇ ಅಲ್ಲ ಅದು, ಎಷ್ಟೋ ಒಳ್ಳೆಯ ಸುಗಂಧಗಳಿಗೆ ಜೀವ ಕೊಟ್ಟಿದೆ. ಕಂಪನಿಗಳು ಮುಚ್ಚಿಟ್ಟಷ್ಟೂ ಜನರ ಅನುಮಾನ ಬೆಳೆಯುತ್ತದೆ. ಪೂರ್ತಿ ಸೂತ್ರ ಬಿಚ್ಚಿಡಿ ಅಂತ ಯಾರೂ ಕೇಳುತ್ತಿಲ್ಲ, ಪ್ರಮಾಣವೂ ಬೇಡ, ಬರೀ ಹೆಸರುಗಳು ಸಾಕು. ಮೈ ಕಡಿತವಾಗಿ ಡಾಕ್ಟರ ಹತ್ತಿರ ಹೋದವರಿಗೆ ಆ ಹೆಸರುಗಳಿಂದಲೇ ಕಾರಣ ಹುಡುಕಲು ದಾರಿಯಾಗುತ್ತದೆ.

ನಿಮ್ಮಲ್ಲೂ ಒಂದು ವಿನಂತಿ. ಮುಂದಿನ ಸಲ ಈ ವಿಷಯ ಬರೆಸುವಾಗ ಚರ್ಮರೋಗದ ವೈದ್ಯರೊಬ್ಬರನ್ನೂ ಸುಗಂಧ ತಯಾರಿಸುವವರೊಬ್ಬರನ್ನೂ ಮಾತಾಡಿಸಿ. ಯಾವ ವಸ್ತು, ಎಷ್ಟು ಪ್ರಮಾಣ, ಚರ್ಮದ ಮೇಲೆ ಉಳಿಯುತ್ತಾ ತೊಳೆದು ಹೋಗುತ್ತಾ, ಈ ಮೂರನ್ನಾದರೂ ಕೇಳಿ ಬರೆಯಿರಿ.

ಇತಿ,
ನಿಮ್ಮ ಓದುಗ