ಕಾರ್ಬನ್ ಚಕ್ರಕ್ಕಿಂತ ಮೊದಲು ಪವರ್ ಪೆಡಲ್ ಕೊಡಿಸಿ

ಸಂಪಾದಕರೇ, ನಮಸ್ಕಾರ.

ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ಸೈಕ್ಲಿಂಗ್‌ನಲ್ಲಿ ಪದಕ ಗೆದ್ದಾಗ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಸುದ್ದಿ ಬರುತ್ತದೆ. ಅದನ್ನು ಓದಿ ಊರಿನವರು, ಸಂಘ ಸಂಸ್ಥೆಯವರು ದುಡ್ಡು ಕೂಡಿಸಿ ಏನಾದರೂ ಕೊಡಿಸಲು ಮುಂದೆ ಬರುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ಆ ದುಡ್ಡು ಹೆಚ್ಚಾಗಿ ಹಗುರವಾದ ಕಾರ್ಬನ್ ಫೈಬರ್ ಚಕ್ರಕ್ಕೋ ಹೊಸ ಫ್ರೇಮಿಗೋ ಹೋಗಿಬಿಡುತ್ತದೆ. ಇದರ ಬಗ್ಗೆ ನನಗೆ ಒಂದೇ ಮಾತು ಹೇಳಬೇಕಿದೆ. ರೇಸಿಗೆ ನಡೆಯುವಂಥ ಸೈಕಲ್ ಒಂದು ಆಗಲೇ ಇದ್ದರೆ, ಮುಂದಿನ ದುಡ್ಡನ್ನು ಪವರ್ ಮೀಟರಿಗೆ ಹಾಕಿ. ಅದರಲ್ಲೂ ಪೆಡಲ್ ಒಳಗೇ ಕೂತಿರುವ ಪವರ್ ಮೀಟರಿಗೆ.

ಪವರ್ ಮೀಟರ್ ಅಂದರೆ ಸವಾರ ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದ್ದಾನೆ ಎಂದು ಅಳೆದು ತೋರಿಸುವ ಸಾಧನ. ಜರ್ಮನಿಯ ಉಲ್ರಿಚ್ ಶೋಬೆರರ್ 1986ರಲ್ಲಿ ಶುರು ಮಾಡಿದ ಎಸ್‌ಆರ್‌ಎಂ ಕಂಪನಿಯಿಂದ ಇದು ರೇಸ್ ಲೋಕಕ್ಕೆ ಬಂತು. ಆಗ ಅದು ಕ್ರ್ಯಾಂಕಿನಲ್ಲಿ (ಪೆಡಲ್ ಜೋಡಿಸುವ, ತಿರುಗುವ ತೋಳಿನಲ್ಲಿ) ಇರುತ್ತಿತ್ತು, ದೊಡ್ಡ ತಂಡಗಳಿಗೆ ಮಾತ್ರ ಕೈಗೆಟುಕುತ್ತಿತ್ತು. 2013ರಲ್ಲಿ ಗಾರ್ಮಿನ್‌ನ ವೆಕ್ಟರ್ ಪೆಡಲ್ ಮಾರುಕಟ್ಟೆಗೆ ಬಂತು, 2017ರಲ್ಲಿ ಇಟಲಿಯ ಫವೆರೊ ಕಂಪನಿಯ ಅಸಿಯೋಮಾ ಬಂತು. ಈಗ ಚೀನಾ ಕಂಪನಿಗಳ ಪೆಡಲ್‌ಗಳೂ ಸಿಗುತ್ತಿವೆ. ಪೆಡಲ್‌ನ ಆಕ್ಸಲ್ (ನಡುವಿನ ಕಬ್ಬಿಣದ ಕಡ್ಡಿ) ತುಳಿತಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ಸ್ಟ್ರೇನ್ ಗೇಜ್ ಎಂಬ ಸಣ್ಣ ಸೆನ್ಸರ್ ಅಳೆಯುತ್ತದೆ. ಬಲ ಎಷ್ಟು, ಕ್ರ್ಯಾಂಕ್ ಎಷ್ಟು ಉದ್ದ, ಅದು ಎಷ್ಟು ವೇಗವಾಗಿ ತಿರುಗುತ್ತಿದೆ, ಇವನ್ನು ಗುಣಿಸಿ ಲೆಕ್ಕ ಹಾಕಿದರೆ ವ್ಯಾಟ್ ಸಿಗುತ್ತದೆ.

ನಮ್ಮ ಕಡೆಯ ಹುಡುಗರಿಗೆ ಇದು ಯಾಕೆ ಬೇಕು ಅಂತ ಕೇಳುವವರು ಒಂದು ದಿನ ಬೆಳಿಗ್ಗೆ ಸೊಲ್ಲಾಪುರ ರಸ್ತೆಗೆ ಬಂದು ನೋಡಬೇಕು. ರಸ್ತೆ ಸಪಾಟು, ಸುತ್ತ ಬಯಲು, ಗಾಳಿಗೆ ಅಡ್ಡ ಏನೂ ಇಲ್ಲ. ಗಾಳಿ ಬೆನ್ನಿಗಿದ್ದರೆ ಸುಮಾರಾದ ಹುಡುಗನೂ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾನೆ. ಅದೇ ಹುಡುಗ ತಿರುಗಿ ಬರುವಾಗ 26 ದಾಟಿಸಲು ಒದ್ದಾಡುತ್ತಾನೆ. ವೇಗ ನೋಡಿ ತರಬೇತಿ ಕೊಟ್ಟರೆ ಹೋಗುವಾಗ ಅವನು ಹೀರೊ, ಬರುವಾಗ ಸೋಮಾರಿ. ಅವನು ಎರಡೂ ಕಡೆ 220 ವ್ಯಾಟ್ ತುಳಿದಿದ್ದಾನೆ ಎನ್ನುವುದು ಪವರ್ ಮೀಟರ್ ಇಲ್ಲದೆ ಯಾರಿಗೂ ಕಾಣುವುದಿಲ್ಲ. ಹಾಗಾದರೆ ಎದೆಬಡಿತ ನೋಡಿದರೆ ಸಾಲದಾ ಅನ್ನುತ್ತಾರೆ. ಎದೆಬಡಿತ ಖಂಡಿತ ಬೇಕು, ನಾನು ಬೇಡ ಅನ್ನುತ್ತಿಲ್ಲ, ಆದರೆ ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಮೈಯಲ್ಲಿನ ನೀರು ಕಡಿಮೆಯಾದಂತೆ ಅಷ್ಟೇ ವ್ಯಾಟ್‌ಗೆ ಎದೆಬಡಿತ ಏರುತ್ತಲೇ ಹೋಗುತ್ತದೆ, ಇನ್ನು ಮೂವತ್ತು ಸೆಕೆಂಡಿನ ಸ್ಪ್ರಿಂಟ್ ಹೊಡೆದರೆ ಅದು ಸರಿಯಾಗಿ ಏರುವಷ್ಟರಲ್ಲಿ ಸ್ಪ್ರಿಂಟೇ ಮುಗಿದಿರುತ್ತದೆ. ವ್ಯಾಟ್ ಹಾಗಲ್ಲ. ತುಳಿದ ತಕ್ಷಣ ತೋರಿಸುತ್ತದೆ.

ಸರಿ, ಕ್ರ್ಯಾಂಕಿನ ಮೀಟರ್ ಕೂಡ ಇದೆ, ಹಬ್‌ನಲ್ಲಿ (ಚಕ್ರದ ನಡುಭಾಗದಲ್ಲಿ) ಬರುವುದೂ ಇದೆ, ಪೆಡಲ್ಲೇ ಯಾಕೆ? ನಮ್ಮ ಮಕ್ಕಳ ಸೈಕಲ್ ನೋಡಿದರೆ ಉತ್ತರ ಸಿಗುತ್ತದೆ. ಫ್ರೇಮ್ ಒಬ್ಬರಿಂದ ಬಂದದ್ದು, ಕ್ರ್ಯಾಂಕ್ ಇನ್ನೊಂದು ಹಳೆಯ ಸೈಕಲ್‌ನದ್ದು, ಕ್ರ್ಯಾಂಕ್ ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರ್ಯಾಕೆಟ್, ಇನ್ಯಾವುದೋ ಅಳತೆಯದ್ದು. ಕ್ರ್ಯಾಂಕಿನ ಮೀಟರ್ ಕೊಂಡರೆ ಇದೆಲ್ಲ ಹೊಂದಬೇಕು. ಪೆಡಲ್‌ಗೆ ಈ ತಲೆನೋವಿಲ್ಲ. ರೋಡ್ ಸೈಕಲ್, ಟ್ರ್ಯಾಕ್ ಸೈಕಲ್, ಮೌಂಟನ್ ಬೈಕ್, ಎಲ್ಲದರ ಕ್ರ್ಯಾಂಕಿನಲ್ಲೂ ಪೆಡಲ್ ಕೂರುವ ಥ್ರೆಡ್ ಒಂಬತ್ತು ಭಾಗಿಸು ಹದಿನಾರು ಇಂಚಿನದ್ದೇ. ಒಂದು ಅಲೆನ್ ಕೀ ಅಥವಾ ಸ್ಪ್ಯಾನರ್ ಇದ್ದರೆ ಐದು ನಿಮಿಷದಲ್ಲಿ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ, ಬಿಚ್ಚಲು ಹಾಕಲು ಉಲ್ಟಾ ತಿರುಗಿಸಬೇಕು ಅನ್ನುವುದನ್ನು ಮಾತ್ರ ಮರೆಯಬಾರದು. ಸೋಮವಾರ ಒಬ್ಬಳು ಟೆಸ್ಟ್ ಮಾಡಲಿ, ಬುಧವಾರ ಇನ್ನೊಬ್ಬ. ಒಂದು ಜೋಡಿ ಪೆಡಲ್ ಒಂದು ಗುಂಪಿಗೇ ಸಾಕಾಗುತ್ತದೆ. ಕಾರ್ಬನ್ ಚಕ್ರವನ್ನು ಹೀಗೆ ಹಂಚಿಕೊಳ್ಳಲು ಆಗುತ್ತದಾ?

ಹಂಚಿಕೊಳ್ಳುವಾಗ ಒಂದು ವಿಷಯ ತುಂಬಾ ಮುಖ್ಯ. ಇದನ್ನು ಅಂಗಡಿಯವರೂ ಸರಿಯಾಗಿ ಹೇಳುವುದಿಲ್ಲ. ಪೆಡಲ್‌ಗೆ ತಾನು ಎಷ್ಟು ಉದ್ದದ ಕ್ರ್ಯಾಂಕಿನ ಮೇಲೆ ಕೂತಿದ್ದೇನೆ ಅಂತ ತಾನಾಗಿ ತಿಳಿಯುವುದಿಲ್ಲ, ನಾವು ಫೋನಿನ ಆ್ಯಪ್‌ನಲ್ಲೋ ಸೈಕಲ್ ಕಂಪ್ಯೂಟರ್‌ನಲ್ಲೋ ಹೇಳಬೇಕು. ದೊಡ್ಡ ಹುಡುಗನ ಸೈಕಲ್‌ಗೆ 170 ಮಿಲಿಮೀಟರ್ ಕ್ರ್ಯಾಂಕ್ ಇದೆ ಅನ್ನಿ. ಅದರಿಂದ ಬಿಚ್ಚಿದ ಪೆಡಲ್ಲನ್ನು 165ರ ಕ್ರ್ಯಾಂಕ್ ಇರುವ ಸಣ್ಣ ಹುಡುಗಿಯ ಸೈಕಲ್‌ಗೆ ಹಾಗೇ ಹಾಕಿದರೆ ಅವಳ 250 ವ್ಯಾಟ್ ಸುಮಾರು 258 ಅಂತ ಕಾಣುತ್ತದೆ. ಎಂಟು ವ್ಯಾಟ್ ಏನು ಮಹಾ ಅನ್ನಬೇಡಿ. ಮೂರು ತಿಂಗಳು ಬೆವರು ಸುರಿಸಿದರೂ ಕೆಲವರಿಗೆ ಎಂಟು ವ್ಯಾಟ್ ಹೆಚ್ಚುವುದಿಲ್ಲ. ಅದಕ್ಕೇ ಪೆಡಲ್ ಬದಲಿಸಿದಾಗಲೆಲ್ಲ ಕ್ರ್ಯಾಂಕಿನ ಉದ್ದ ಹಾಕಿ, ಆಮೇಲೆ ಕ್ಯಾಲಿಬ್ರೇಷನ್ (ಮೀಟರನ್ನು ಸೊನ್ನೆಗೆ ಸರಿಹೊಂದಿಸುವುದು) ಮಾಡಲೇಬೇಕು. ಸೈಕಲ್ ನೆಟ್ಟಗೆ ಹಿಡಿದು, ಪೆಡಲ್ ಮೇಲೆ ಯಾರೂ ಕಾಲಿಡದೆ, ಕಂಪ್ಯೂಟರ್‌ನಲ್ಲಿ ಬಟನ್ ಒತ್ತಿದರೆ ಕೆಲವು ಸೆಕೆಂಡಿನಲ್ಲಿ ಮುಗಿಯಿತು. ಮನೆಯೊಳಗಿಂದ ಹೊರಗೆ ಬಂದ ತಕ್ಷಣ ಮಾಡದೆ, ಸೈಕಲ್ ಹೊರಗಿನ ಹವೆಗೆ ಸ್ವಲ್ಪ ಹೊತ್ತು ನಿಲ್ಲಲಿ.

ಈಗ ಒಂದೇ ಕಡೆ ಅಳೆಯುವ ಪೆಡಲಾ, ಎರಡೂ ಕಡೆಯದ್ದಾ ಅನ್ನುವ ಪ್ರಶ್ನೆ. ಒಂದೇ ಕಡೆಯದ್ದು ಅಗ್ಗ. ಎಡಗಾಲಿನ ಬಲ ಅಳೆದು ಅದನ್ನು ಸುಮ್ನೆ ಎರಡರಿಂದ ಗುಣಿಸುತ್ತದೆ, ಅಷ್ಟೇ. ಎರಡೂ ಕಾಲು ಸಮವಾಗಿ ತುಳಿದರೆ ತೊಂದರೆ ಇಲ್ಲ. ಆದರೆ ಎಡಗಾಲು 120, ಬಲಗಾಲು 130 ಹಾಕುತ್ತಿದ್ದರೆ ನಿಜವಾದ 250ರ ಬದಲು 240 ಅಂತ ತೋರಿಸುತ್ತದೆ. ದಣಿದ ಮೇಲೆ, ಅಥವಾ ಬಿದ್ದು ಮೊಣಕಾಲಿಗೆ ಪೆಟ್ಟಾದ ಮೇಲೆ, ಈ ವ್ಯತ್ಯಾಸ ಬದಲಾಗುತ್ತಾ ಹೋಗುತ್ತದೆ, ಆಗ ಹೋದ ತಿಂಗಳ ಅಂಕಿಗೂ ಈ ತಿಂಗಳದ್ದಕ್ಕೂ ತಾಳೆ ಹಾಕುವುದೇ ಕಷ್ಟ. ಹಲವರು ಹಂಚಿಕೊಳ್ಳುವ ಜೋಡಿಯಾದರೆ ಎರಡೂ ಕಡೆಯದ್ದನ್ನೇ ಕೊಳ್ಳಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಒಬ್ಬನೇ ಬಳಸುತ್ತಾನೆ, ದುಡ್ಡೂ ಕಡಿಮೆ ಇದೆ ಅನ್ನುವುದಾದರೆ ಒಂದೇ ಕಡೆಯದ್ದು ನಡೆಯುತ್ತದೆ. ಅಸಿಯೋಮಾದಂಥವಕ್ಕೆ ಮುಂದೆ ಬಲಗಡೆಯದ್ದನ್ನು ಬೇರೆಯಾಗಿ ಕೊಂಡು ಸೇರಿಸಿಕೊಳ್ಳುವ ಅವಕಾಶ ಇದೆ.

ಶೂ ಅಡಿಯಲ್ಲಿದ್ದು ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು, ಅಂದರೆ ಕ್ಲೀಟ್ ಬಗ್ಗೆ ಯಾರೂ ಮೊದಲೇ ಯೋಚಿಸುವುದಿಲ್ಲ. ಪೆಡಲ್ ಬಾಕ್ಸ್ ಬಿಚ್ಚಿದ ಮೇಲೆ ಗೊತ್ತಾಗುತ್ತದೆ ಇದು ಲುಕ್ ಕಿಯೋ ಮಾದರಿಯ ಕ್ಲೀಟ್‌ನದ್ದು, ನಮ್ಮ ಎಲ್ಲರ ಶೂಗಳಲ್ಲಿ ಇರುವುದು ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಅಂತ. ಕ್ಲೀಟ್ ಸವೆಯುವ ವಸ್ತು. ಸವೆದಾಗಲೆಲ್ಲ ಬೆಂಗಳೂರಿನಿಂದಲೋ ಪುಣೆಯಿಂದಲೋ ತರಿಸುತ್ತಾ ಕೂರುವುದು ಯಾರಿಗೆ ಬೇಕು? ನಿಮ್ಮ ಹತ್ತಿರದ ಅಂಗಡಿಯಲ್ಲಿ ಯಾವ ಕ್ಲೀಟ್ ಸದಾ ಸಿಗುತ್ತದೆ, ತಂಡದವರ ಶೂಗಳಲ್ಲಿ ಯಾವುದಿದೆ ಅಂತ ಮೊದಲು ನೋಡಿ, ಅದಕ್ಕೆ ಹೊಂದುವ ಪೆಡಲ್ ಆರಿಸಿ. ಶಿಮಾನೊ ಕ್ಲೀಟ್‌ಗೆ ಹೊಂದುವುದು ಬೇಕಾದರೆ ಗಾರ್ಮಿನ್ ರ್‍ಯಾಲಿಯಲ್ಲಿ ಆರ್‌ಎಸ್ ಎಂಬ ಪೆಡಲ್ ಇದೆ, ಫವೆರೊದಲ್ಲಿ 2024ರಲ್ಲಿ ಬಂದ ಪ್ರೊ ಆರ್‌ಎಸ್ ಇದೆ. ಮೌಂಟನ್ ಬೈಕಿನ ಎರಡು ಬೋಲ್ಟಿನ ಎಸ್‌ಪಿಡಿ ಕ್ಲೀಟ್‌ಗೂ ಎರಡೂ ಕಂಪನಿಯವು ಸಿಗುತ್ತವೆ.

ಬ್ಯಾಟರಿ ವಿಷಯವೂ ಸಣ್ಣದಲ್ಲ. ಅಸಿಯೋಮಾ ಚಾರ್ಜ್ ಮಾಡುವಂಥದ್ದು, ಒಮ್ಮೆ ತುಂಬಿಸಿದರೆ ಸುಮಾರು 50 ಗಂಟೆ ಅಂತ ಕಂಪನಿ ಹೇಳುತ್ತದೆ. ಆದರೆ ಅದರ ಮ್ಯಾಗ್ನೆಟ್ ಚಾರ್ಜರ್ ಕಳೆದುಕೊಂಡರೆ ಕೆಲಸ ಕೆಟ್ಟಿತು. 2021ರಲ್ಲಿ ಬಂದ ರ್‍ಯಾಲಿಗೆ ಎಲ್‌ಆರ್44 ಬಟನ್ ಸೆಲ್ ಹಾಕಬಹುದು, ಅದು ಯಾವ ಊರಿನ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಗಾಡಿಯಲ್ಲಿ ಊರೂರು ತಿರುಗುವ ತಂಡಕ್ಕೆ ಇದು ಅನುಕೂಲ ಅನ್ನುವುದು ನನ್ನ ಅಭಿಪ್ರಾಯ.

ಪೆಡಲ್‌ನ ದೊಡ್ಡ ದೌರ್ಬಲ್ಯವನ್ನೂ ಹೇಳಿಬಿಡುತ್ತೇನೆ. ಸೈಕಲ್ ಬಿದ್ದರೆ ಮೊದಲು ನೆಲಕ್ಕೆ ತಾಗುವ ಭಾಗಗಳಲ್ಲಿ ಪೆಡಲ್ ಒಂದು. ಜಾತ್ರೆಯ ರೇಸುಗಳಲ್ಲಿ ಗುಂಪಿನಲ್ಲಿ ತಿರುವು ತೆಗೆದುಕೊಳ್ಳುವಾಗ ಒಳಗಿನ ಪೆಡಲ್ ರಸ್ತೆಗೆ ಉಜ್ಜುವುದನ್ನು ಎಲ್ಲರೂ ನೋಡಿದ್ದೇವೆ. ಎರಡೂ ಕಡೆ ಅಳೆಯುವ ಜೋಡಿ ಅಗ್ಗದ್ದಲ್ಲ. ಹಾಗಾಗಿ ಜಾತ್ರೆ ರೇಸಿನ ದಿನ ಹಳೆಯ ಪೆಡಲ್ ಹಾಕಿ, ಇದನ್ನು ತರಬೇತಿಗೆ ಇಟ್ಟುಕೊಳ್ಳಿ. ಕೊಳ್ಳುವಾಗ ಪೆಡಲ್‌ನ ಹೊರ ಭಾಗ, ಬೇರಿಂಗ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ವಿದೇಶದಲ್ಲಿರುವ ಸಂಬಂಧಿಕರ ಕೈಲಿ ತರಿಸಿದರೆ ಅಗ್ಗ ಆಗಬಹುದು, ಆದರೆ ಕೆಟ್ಟಾಗ ವಾರಂಟಿ ಎಲ್ಲಿ ನಡೆಯುತ್ತದೆ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಬೇಕು. ಶೇಕಡಾ ಒಂದರ ಒಳಗಿನ ತಪ್ಪು, ಒಂದೂವರೆ ಒಳಗಿನ ತಪ್ಪು ಅಂತ ಕಂಪನಿಗಳು ಜಗಳ ಆಡಲಿ ಬಿಡಿ. ನಮಗೆ ಬೇಕಾದ್ದು ಇವತ್ತಿನ 200 ಮುಂದಿನ ತಿಂಗಳೂ 200 ಆಗಿಯೇ ಇರುವುದು.

ತರಬೇತುದಾರರಿಗೂ ಪೋಷಕರಿಗೂ ಒಂದು ಕಳಕಳಿಯ ಮಾತು. ಇಪ್ಪತ್ತು ನಿಮಿಷ ಪೂರ್ತಿ ಶಕ್ತಿಯಿಂದ ತುಳಿಸಿ, ಸರಾಸರಿಯ ಶೇ 95 ತೆಗೆದು ಎಫ್‌ಟಿಪಿ (ಸುಮಾರು ಒಂದು ಗಂಟೆ ತಾಳಬಲ್ಲ ವ್ಯಾಟ್) ಅಂತ ಬರೆದುಕೊಳ್ಳುತ್ತೀರಿ, ಅದರಿಂದ ಯಾವ ದಿನ ಎಷ್ಟು ತುಳಿಯಬೇಕು ಅಂತ ಝೋನ್ ಮಾಡುತ್ತೀರಿ, ಅದು ಸರಿ. ಆದರೆ ಹದಿಮೂರು ಹದಿನಾಲ್ಕರ ಮಕ್ಕಳನ್ನು ಆ ಒಂದು ಅಂಕಿಯ ಮೇಲೆ ಸಾಲಾಗಿ ನಿಲ್ಲಿಸಬೇಡಿ. ಬೆಳೆಯುವ ದೇಹ ಅದು. ತೂಕ ಇಳಿಸಿದರೆ ಕೆಜಿಗೆ ಇಷ್ಟು ವ್ಯಾಟ್ ಅನ್ನುವ ಅಂಕಿ ಏರುತ್ತದೆ ಅಂತ ಊಟ ಕಡಿಮೆ ಮಾಡಿಸುವುದಂತೂ ಬೇಡವೇ ಬೇಡ. ಪವರ್ ಮೀಟರಿನ ದೊಡ್ಡ ಉಪಯೋಗ ಇರುವುದು ಸುಲಭದ ದಿನವನ್ನು ನಿಜವಾಗಿ ಸುಲಭ ಮಾಡುವುದರಲ್ಲಿ. ನಮ್ಮ ಮಕ್ಕಳು ದಿನಾ ರೇಸ್ ಮಾಡುತ್ತಾರೆ, ವಿಶ್ರಾಂತಿ ದಿನವೂ ಗೆಳೆಯನನ್ನು ಹಿಂದೆ ಹಾಕಲು ನೋಡುತ್ತಾರೆ. 130 ವ್ಯಾಟ್ ದಾಟಬೇಡ ಅಂತ ಹೇಳಿ ಕಳಿಸಿದರೆ, ಸಂಜೆ ಆ ಸವಾರಿಯ ದಾಖಲೆಯ ಫೈಲ್ ತೆರೆದಾಗ ಅವನು ಎಲ್ಲಿ ಮಾತು ಮೀರಿದ್ದಾನೆ ಅಂತ ಕಾಣುತ್ತದೆ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ಈ ಪತ್ರ ಓದಿದರೆ ಅವರಿಗೂ ನನ್ನ ಮನವಿ ಇದೆ. ಸೈಕ್ಲಿಂಗ್ ಕ್ರೀಡಾ ವಸತಿ ನಿಲಯಗಳಲ್ಲಿ ಪವರ್ ಮೀಟರ್ ಇಲ್ಲದ ಕಡೆ ಎರಡೂ ಬದಿ ಅಳೆಯುವ ಪೆಡಲ್ ಕನಿಷ್ಠ ಎರಡು ಜೋಡಿ ಕೊಡಿಸಿ. ಜತೆಗೆ ತರಬೇತುದಾರರಿಗೆ ಆ ಫೈಲ್‌ಗಳನ್ನು ಓದಲು ಎರಡು ದಿನದ ತರಬೇತಿ ಇಡಿ, ಇಲ್ಲದಿದ್ದರೆ ಪೆಡಲ್ ಬೀರುವಿನಲ್ಲೇ ಉಳಿಯುತ್ತದೆ. ದಾನಿಗಳು ಪೆಡಲ್ ಕೊಡುವಾಗ ಹೊಂದುವ ಕ್ಲೀಟ್ ನಾಲ್ಕು ಜೊತೆ, ಒಂದು ಅಲೆನ್ ಕೀ, ಒಂದು ಹೆಚ್ಚುವರಿ ಚಾರ್ಜರ್ ಸೇರಿಸಿಯೇ ಕೊಡಲಿ. ಸೈಕಲ್ ಕಂಪ್ಯೂಟರ್‌ಗೆ ದುಡ್ಡು ಸಾಲದಿದ್ದರೆ ಈಗಲೇ ಬೇಡ, ಬ್ಲೂಟೂತ್ ಇರುವ ಫೋನ್‌ಗೂ ಈ ಪೆಡಲ್‌ಗಳನ್ನು ಜೋಡಿಸಿ ದಾಖಲೆ ಇಡಬಹುದು.

ಇಂತಿ,
ಸೈಕ್ಲಿಂಗ್ ಪ್ರೇಮಿ ಓದುಗ, ವಿಜಯಪುರ