ತಾಳದ ವೇಗ ಏರಿಸಿದರೆ ಹಾಡಿನ ಬಲ ಕುಗ್ಗುತ್ತದೆ

ಮಾನ್ಯ ಸಂಪಾದಕರೇ,

ಸೋಲ್ ಗಾಯಕಿ ಗ್ಲೋರಿಯಾ ಗೇನರ್ ಅವರ 1978ರ ಡಿಸ್ಕೊ (ಕ್ಲಬ್ ಕುಣಿತದ ಸಂಗೀತ) ಆಲ್ಬಮ್ ‘ಲವ್ ಟ್ರ್ಯಾಕ್ಸ್’ನ ‘ಐ ವಿಲ್ ಸರ್ವೈವ್’ ಹಾಡನ್ನು ಹೆಣ್ಣಿನ ಸ್ವಾಭಿಮಾನದ ಹಾಡೆಂದು ಹೊಗಳದವರಿಲ್ಲ. ಬಿಟ್ಟುಹೋದ ಪ್ರಿಯಕರ ಮರಳಿ ಬಂದಾಗ ಅವನನ್ನು ಹೊರಗಟ್ಟುವ ಹೆಣ್ಣಿನ ಮಾತು ಅದು. ಆದರೆ ಆ ಸ್ವಾಭಿಮಾನ ಸಾಹಿತ್ಯದಲ್ಲಿ ಇರುವಷ್ಟೇ ಸಂಗೀತದ ಕಟ್ಟಿನಲ್ಲೂ ಇದೆ. ಇದನ್ನು ಗಮನಿಸದೆ ವೇದಿಕೆಯಲ್ಲಿ ನುಡಿಸುವವರು, ರೀಮಿಕ್ಸ್ ಮಾಡುವವರು ಹಾಡನ್ನು ಕೆಡಿಸುತ್ತಿದ್ದಾರೆ.

ಇಡೀ ಹಾಡು ನಿಂತಿರುವುದು ಎಂಟು ಬಾರ್‌ಗಳ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಒಂದೇ ಸುತ್ತಿನ ಮೇಲೆ. ಬಾರಿಗೊಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ: ಎ ಮೈನರ್, ಡಿ ಮೈನರ್, ಜಿ, ಸಿ, ಎಫ್, ಬಿ ಹಾಫ್ ಡಿಮಿನಿಷ್ಡ್, ಇ ಸಸ್‌ಫೋರ್, ಇ. ಪಲ್ಲವಿಗೂ ಚರಣಕ್ಕೂ ಇದೇ. ಕೊನೆಯ ಎರಡು ಬಾರ್‌ಗಳನ್ನು ಕಿವಿಗೊಟ್ಟು ಕೇಳಬೇಕು. ಸಸ್‌ಫೋರ್‌ನಲ್ಲಿ ಇ ಕಾರ್ಡ್‌ನ ಒಂದು ಸ್ವರದ ಜಾಗದಲ್ಲಿ ತಡೆದು ನಿಂತ ಎ ಸ್ವರ ಅರ್ಧ ಮೆಟ್ಟಿಲು ಇಳಿದು ಜಿ ಶಾರ್ಪ್ ಆಗುತ್ತದೆ, ಅಲ್ಲಿಂದ ಮತ್ತೆ ಎ ಮೈನರ್‌ಗೆ ಮರಳಲೇಬೇಕೆಂಬ ಒತ್ತಡ ಹುಟ್ಟುತ್ತದೆ. ಮೊದಲ ಸುತ್ತಿನಲ್ಲಿ ತಾನು ಗಟ್ಟಿಯಾದೆ ಎಂದು ಆಕೆ ಹೇಳುವುದೂ ಈ ತಿರುವಿನ ಆಸುಪಾಸಿನಲ್ಲೇ. ಸಸ್‌ಫೋರ್ ಬಿಟ್ಟು ನೇರ ಇ ಹಿಡಿಯುವ ಕೀಬೋರ್ಡ್ ವಾದಕರು ಈ ಜಾಗವನ್ನೇ ಕಳೆದುಬಿಡುತ್ತಾರೆ.

ಮೊದಲ ಸುತ್ತಿಗೆ ಡ್ರಮ್ಸ್ ಇಲ್ಲ. ಪಿಯಾನೊ ಜೊತೆ ಬಿಡಿ ಲಯದಲ್ಲಿ ಭಯದ ಮಾತು. ಹೋದವನು ಮರಳಿ ಬಂದು ನಿಂತಾಗ ಬೀಟ್ ಶುರು. ಮೊದಲ ಸಾಲಿನಿಂದಲೇ ಕಿಕ್ ಡ್ರಮ್ ಬಾರಿಸಿದರೆ ಭಯಕ್ಕೂ ಧೈರ್ಯಕ್ಕೂ ವ್ಯತ್ಯಾಸ ಎಲ್ಲಿ ಉಳಿಯಿತು?

ಮೂಲದ ವೇಗ ನಿಮಿಷಕ್ಕೆ ಸುಮಾರು 117 ಬೀಟ್, ಅಂದರೆ ಒಂದು ಸುತ್ತಿಗೆ 16 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಇದನ್ನು 128ಕ್ಕೆ ಏರಿಸಿದರೆ ಸುತ್ತು 15 ಸೆಕೆಂಡಿಗೆ ಇಳಿಯುತ್ತದೆ. ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ ಸಾಲುಗಳಲ್ಲಿ ಅಕ್ಷರ ಕಿಕ್ಕಿರಿದಿವೆ. ಉಸಿರಿಗೆ ಎಡೆ ಸಿಗದೆ ಗಾಯಕಿ ವ್ಯಂಜನಗಳನ್ನು ನುಂಗುತ್ತಾಳೆ, ನೇರಾನೇರ ಹೇಳಬೇಕಾದ ಮಾತು ಗೊಣಗಾಟವಾಗುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಹಿನ್ನೆಲೆಗೆ ಕೋರಸ್ ದನಿಗಳನ್ನು ಸೇರಿಸುವುದು. ಮೂಲದಲ್ಲಿ ಹಿನ್ನೆಲೆ ಗಾಯಕರೇ ಇಲ್ಲ. ವಯಲಿನ್‌ಗಳು ಎಷ್ಟೇ ತುಂಬಿಕೊಂಡರೂ ದನಿ ಒಂದೇ, ಬೆಂಬಲಕ್ಕೆ ಯಾರೂ ಇಲ್ಲ. ಹಾಡಿನ ಅರ್ಥವೇ ಅದು.

ವೇದಿಕೆಯಲ್ಲಿ ಬಿದ್ದು ಬೆನ್ನಿನ ಶಸ್ತ್ರಚಿಕಿತ್ಸೆಯಾಗಿದ್ದ ಗೇನರ್, ಬೆನ್ನುಪಟ್ಟಿ ಕಟ್ಟಿಕೊಂಡೇ ಇದನ್ನು ಹಾಡಿದರು. ಫ್ರೆಡ್ಡಿ ಪೆರೆನ್ ಮತ್ತು ಡಿನೊ ಫೆಕಾರಿಸ್ ರಚಿಸಿದ ಈ ಹಾಡು ಮೊದಲು ಹೊರಬಂದದ್ದು ‘ಸಬ್‌ಸ್ಟಿಟ್ಯೂಟ್’ ಹಾಡಿನ ಡಿಸ್ಕ್‌ನ ಹಿಂಬದಿಯಲ್ಲಿ, ಡಿಸ್ಕ್ ತಿರುವಿ ಹಾಕಿ ಗೆಲ್ಲಿಸಿದವರು ಕ್ಲಬ್‌ಗಳ ಡಿಜೆಗಳು. 1979ರ ಮಾರ್ಚ್‌ನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ. ಅದೇ ವರ್ಷ ಜುಲೈ 12ರಂದು ಷಿಕಾಗೊದ ಕೊಮಿಸ್ಕಿ ಪಾರ್ಕ್ ಮೈದಾನದಲ್ಲಿ ಡಿಸ್ಕೊ ವಿರೋಧಿಗಳು ಡಿಸ್ಕೊ ರೆಕಾರ್ಡ್‌ಗಳನ್ನು ಸ್ಫೋಟಿಸಿದರು. 1980ರಲ್ಲಿ ಡಿಸ್ಕೊಗೆಂದೇ ಕೊಟ್ಟ ಗ್ರ್ಯಾಮಿ ಸಂಗೀತ ಪ್ರಶಸ್ತಿ ಈ ಹಾಡಿಗೆ ಬಂತು, ಮರುವರ್ಷ ಆ ವಿಭಾಗವನ್ನೇ ಕೈಬಿಟ್ಟರು.

ಡಿಸ್ಕೊ ಕುರಿತ ಲೇಖನಗಳಲ್ಲಿ ಮಿನುಗುವ ಬಟ್ಟೆ, ತಿರುಗುವ ಗಾಜಿನ ಚೆಂಡಿನ ವರ್ಣನೆಗೆ ಕೊಡುವ ಜಾಗದಲ್ಲಿ ಅರ್ಧವನ್ನಾದರೂ ಹಾಡು ಕಟ್ಟಿದ ಬಗೆಗೆ ಕೊಡಬೇಕೆಂದು ಕೋರುತ್ತೇನೆ.